ರಾಚೋಟೆಪ್ಪನವರ ದೃಷ್ಟಿ

ರಾಣೇಬೆನ್ನೂರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ರಾಚೋಟೆಪ್ಪನವರು ವರ್ಷಕ್ಕೆ ನಾಲ್ಕರಂತೆ ಟ್ಯೂಬ್‌ಲೈಟು ಏರಿಸುತ್ತ ಬಂದಿದ್ದಾರೆ. ಈಗ ಅಲ್ಲಿ ಗಿರಾಕಿಯ ನೆರಳಿಗೂ ನಿಲ್ಲಲು ಜಾಗವಿಲ್ಲ. ಒಳಗೆ ಹೋದ ಐದು ನಿಮಿಷಕ್ಕೆ ಕಣ್ಣು ಉರಿಯುತ್ತದೆ, ಹತ್ತಕ್ಕೆ ತಲೆ ತಿರುಗುತ್ತದೆ, ಹದಿನೈದಕ್ಕೆ ಸೆರಗಿನ ನವಿಲುಗಳು ಎದ್ದು ನಡೆಯತೊಡಗುತ್ತವೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿದರೂ ಒಮ್ಮೆಯೂ ಸೀನದ ಹೊಳಿಯವ್ವ ಕೂಡ ಇಲ್ಲಿಗೆ ಬಂದಾಗಲೆಲ್ಲ ಗೋಡೆ ಹಿಡಿದು ಕೂರುತ್ತಾಳೆ. "ಬೆಳಕಿಂದಲ್ಲವ್ವಾ, ನಿನಗ ದೃಷ್ಟಿ ತಾಗೇತಿ" ಎಂದು ರಾಚೋಟೆಪ್ಪನವರು ಗಲ್ಲಾದ ಪಕ್ಕದಲ್ಲೇ ಇಟ್ಟುಕೊಂಡ ಉಪ್ಪು, ಮೆಣಸಿನಕಾಯಿ ತೆಗೆದು ತಾವೇ ನಿವಾಳಿಸುತ್ತಾರೆ. "ತಗೋ, ಮೂರು ದಾರಿ ಕೂಡೂವಲ್ಲಿ ಒಗದು ಬಾ." ಹೊರಗೆ ಹೋಗಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅವಳ ತಲೆ ನೆಟ್ಟಗಾಗುತ್ತದೆ, ಕೀರ್ತಿಯೆಲ್ಲ ಮೆಣಸಿನಕಾಯಿಗೆ. ಹೀಗೆ ಗುಣವಾದವರು ಊರ ತುಂಬ ಇದ್ದಾರೆ. ತಲೆ ನೋವಿಲ್ಲದವರೂ ಇವರ ಕೈಗುಣ ನೋಡಲು ಬರುತ್ತಾರೆ, ಬಂದ ಮೇಲೆ ತಲೆ ನೋಯಿಸಿಕೊಳ್ಳುತ್ತಾರೆ. ಮೊನ್ನೆ ಹೊಳಿಯವ್ವನೂ ನಾವು ನಾಲ್ಕಾರು ಗಿರಾಕಿಗಳೂ ಅಂಗಡಿಯಲ್ಲಿದ್ದಾಗ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಬಾಗಿಲಿಂದ ಬಂದ ಬಿಸಿಲಲ್ಲಿ ನಮಗೆಲ್ಲ ಬಣ್ಣಗಳು ತಿಳಿಯಾಗಿ ಕಂಡವು. ರಾಚೋಟೆಪ್ಪನವರು ಮಾತ್ರ ಕೈಯಲ್ಲಿದ್ದ ಸೀರೆಯ ಅಂಚನ್ನು ಬೆರಳಿಂದ ತಡವುತ್ತ ಮೆಲ್ಲಗೆ ಕೇಳಿದರು: "ಹೊಳಿಯವ್ವಾ, ಇದು ಹಸರೋ, ಕೆಂಪೋ?"