ಒಲೆಯ ಮೂರು ಗುಂಡುಗಳು

ಇವತ್ತು ಬೆಳಿಗ್ಗೆ ಹಿತ್ತಿಲ ಕಡೆಯಿಂದ ಹಸಿ ಕೆಮ್ಮಣ್ಣಿನ ವಾಸನೆ ಬಂತು. ಹೋಗಿ ನೋಡಿದರೆ ಮೊಮ್ಮಗಳು ಗೌರಿ ನನ್ನ ಮಣ್ಣಿನ ಒಲೆಯನ್ನು ಸಾರಿಸುತ್ತ ಕೂತಿದ್ದಳು. ಮೊಣಕೈವರೆಗೂ ಕೆಸರು, ಮೂಗಿನ ಮೇಲೆ ಒಂದು ಬೊಟ್ಟು. ಮನೆಗೆ ಗ್ಯಾಸು ಬಂದ ಮೇಲೂ ಅವರೆಕಾಳು ಬೇಯಿಸುವುದಕ್ಕೆ, ಮುದ್ದೆ ತಿರುವುವುದಕ್ಕೆ ನಾನು ಆ ಒಲೆಯನ್ನೇ ನೆಚ್ಚಿದವಳು. ಹೊತ್ತಿಸುವುದೂ ನಾನೇ, ಆರಿಸುವುದೂ ನಾನೇ. ಸೊಸೆಯನ್ನು ಕೂಡ ಹತ್ತಿರ ಸೇರಿಸಿದವಳಲ್ಲ.

ಬೈಯಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಅಂಚು ಕಣ್ಣಿಗೆ ಬಿತ್ತು. ಕನ್ನಡಿಯ ಹಾಗೆ ನುಣ್ಣಗೆ, ಒಂದೇ ಸಮ. ಬೈಗುಳ ಹೋಗಿ ನಗು ಬಂತು. "ಯಾಕಜ್ಜಿ ನಗ್ತೀಯ?" ಎಂದಳು. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಊರ ಸ್ಕೂಲಿನಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಬರೆದಿಡುತ್ತೇನೆ ಮಕ್ಕಳೇ. ಸೊಟ್ಟಗಿದ್ದರೆ ತಿದ್ದಿಕೊಂಡು ಓದಿ.

ನಾನು ಭೇರ್ಯದ ಕಡೆಯವಳು, ತಾಯಿ ಇಲ್ಲದ ಕೂಸು. ಅಪ್ಪನೇ ತಲೆ ಬಾಚಿ, ಅಪ್ಪನೇ ಮುದ್ದೆ ತಿರುವಿ ಸಾಕಿದ. ಅವನು ಹಾಕುತ್ತಿದ್ದ ಜಡೆ ಎತ್ತಿನ ಹಗ್ಗದ ಹಾಗಿರುತ್ತಿತ್ತು. ಅದು ಬೇರೆ ಕಥೆ. ಹನಗೋಡಿಗೆ ನನ್ನನ್ನು ಕೊಟ್ಟದ್ದು ಮಹಾರಾಜರ ಕಾಲದಲ್ಲಿ, ಎಲ್ಲೋ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ. ಕಳಿಸುವಾಗ ಅಪ್ಪ ನನ್ನ ಅತ್ತೆಯ ಮುಂದೆ ನಿಂತು, "ಅಕ್ಕಯ್ಯ, ಕೂಸಿಗೆ ಒಲೆ ಮುಂದ್ಲ ಕೆಲ್ಸ ನಾನು ಕಲಿಸ್ನಿಲ್ಲ. ತಪ್ಪು ನಂದೇಯ" ಎಂದ. ಆಗಿನ ಅವನ ಮುಖ ಈಗಲೂ ಕಣ್ಣ ಮುಂದಿದೆ. ಅಪ್ಪ ನನ್ನನ್ನು ನೋಡಲು ಬಂದ ದಿನ ನನ್ನ ಕೈಯ ಮುದ್ದೆ ಉಂಡು, ಆ ಮಾತನ್ನು ಮರೆತು ಊರಿಗೆ ಹೋಗಬೇಕು ಎಂದು ಅಂದೇ ಮನಸ್ಸಿನಲ್ಲಿ ಅಂದುಕೊಂಡೆ.

ಆದರೆ ಅತ್ತೆ ನನ್ನನ್ನು ಬೆಂಕಿಯ ಹತ್ತಿರ ಬಿಟ್ಟರೆ ತಾನೇ? ಬೂದಿ ಬಾಚುವುದು, ಒಲೆ ಸಾರಿಸುವುದು ನನ್ನ ಕೆಲಸ, ಹೊತ್ತಿಸುವುದು ಅವರದು. "ಕಣ್ಣಾಗೇ ಕಲಿ ಕೂಸೆ" ಎನ್ನುತ್ತಿದ್ದರು. ಆರು ತಿಂಗಳು ಕಣ್ಣಲ್ಲೇ ಕಲಿತೆ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸದೆ ಅವರು ಒಲೆ ಮುಂದೆ ಕೂರುತ್ತಿರಲಿಲ್ಲ. ಚೇಳಿದ್ದರೆ ಉದುರಲೆಂದು ಪ್ರತಿ ಸೌದೆಯನ್ನೂ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು. ಬೆಕ್ಕಿಗೆ ಬೆಚ್ಚನೆಯ ಬೂದಿಯೇ ಹಾಸಿಗೆಯಾದ್ದರಿಂದ ಬೆಳಿಗ್ಗೆ ಒಲೆಯೊಳಗೆ ಕಡ್ಡಿಯಾಡಿಸಿ, "ಏಳವ್ವ, ಹೊತ್ತುಟ್ತು" ಎಂದು ಎಬ್ಬಿಸುತ್ತಿದ್ದರು. ನನ್ನನ್ನು ಅಷ್ಟು ಮೆತ್ತಗೆ ಎಬ್ಬಿಸಿದ ನೆನಪಿಲ್ಲ. ಅಡುಗೆ ಮುಗಿದೊಡನೆ ಕೊಳ್ಳಿಗಳನ್ನು ಹೊರಗೆಳೆದು ನೀರು ಚಿಮುಕಿಸುವರು. ಒಲೆಯೊಳಗೆ ಮಾತ್ರ ಒಂದು ಹನಿ ಬೀಳಬಾರದು, ಕಾದ ಮಣ್ಣು ಬಿರಿಯುತ್ತದೆ. ಬೆಂಕಿಕಡ್ಡಿ ಸಿಗದ ಕಾಲ ಅದು. ನಾಳೆಗೆಂದು ಎರಡು ಕೆಂಡವನ್ನು ಒಡೆದ ಮಡಕೆಯ ಬೂದಿಯಲ್ಲಿ ಮಲಗಿಸಿಡುವರು.

ಒಂದು ಸಂಜೆ ಗಾಡಿಯವನೊಬ್ಬ ಸುದ್ದಿ ತಂದ: ನಾಳೆ ಮಧ್ಯಾಹ್ನಕ್ಕೆ ನಿಮ್ಮಪ್ಪ ಬತ್ತಾರೆ. ನಾನು ಇದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು, "ಅತ್ತೆ, ನಾಳೆ ಒಂದಿನ ಮುದ್ದೆ ನಾನು ಮಾಡ್ಲಾ?" ಎಂದೆ. ಅತ್ತೆ ಕೆಂಡದ ಮೇಲೆ ಬೂದಿ ಎಳೆದರು. "ಮಾಡು. ನಾನು ಬಾಗ್ಲಲ್ಲೇ ಕೂತಿರ್ತೀನಿ" ಎಂದರು.

ಬೆಳಿಗ್ಗೆ ತಂಗಳು ರೊಟ್ಟಿ ತಿಂದು ಒಲೆ ಸಾರಿಸಲು ಕೂತೆ. ಒಲೆಯ ಅಂಚಿನ ಮೇಲೆ ಮೂರು ಮಣ್ಣಿನ ಗುಂಡುಗಳಿರುತ್ತವೆ. ಮಡಕೆ ಕೂರುವುದು ಅವುಗಳ ಮೇಲೆ. ಅವತ್ತು ಅವು ನನಗೆ ಮುಖದ ಮೇಲಿನ ಮೊಡವೆಯ ಹಾಗೆ ಕಂಡವು. ಅಪ್ಪ ನೋಡುವ ಒಲೆಯಲ್ಲಿ ಉಬ್ಬು ತಗ್ಗು ಯಾಕೆ? ದಪ್ಪಗೆ ಕೆಮ್ಮಣ್ಣು ಮೆತ್ತಿ, ಎಲ್ಲವನ್ನೂ ಸಮ ಮಾಡಿ, ಸುಣ್ಣದ ಗೆರೆ ಎಳೆದೆ. ಅಷ್ಟು ಚಂದದ ಒಲೆ ಹನಗೋಡಿನಲ್ಲಿ ಇನ್ನೊಂದಿರಲಿಲ್ಲ. ಆಮೇಲೆ ಮದುವೆಯ ಸೀರೆ ಉಟ್ಟೆ. ಸಿಕ್ಕಿಸಿದರೆ ಜರಿ ಕಾಣುವುದಿಲ್ಲವೆಂದು ಸೆರಗನ್ನು ಇಳಿಬಿಟ್ಟೆ.

ಅಪ್ಪ ಬಂದ, ಕಾಲು ತೊಳೆದು ಜಗಲಿಯ ಮೇಲೆ ಕೂತ. ನಾನು ಒಲೆ ಹೊತ್ತಿಸಿ ಮಡಕೆ ಇಟ್ಟೆ. ಮಡಕೆ ಮುಚ್ಚಳದ ಹಾಗೆ ಅಂಚಿಗೆ ಅಂಟಿ ಕೂತಿತು. ಗುಂಡುಗಳ ಸಂದಿಯಿಂದ ಮೇಲೆ ಹೋಗಬೇಕಾದ ಹೊಗೆಗೆ ದಾರಿಯೇ ಇಲ್ಲ. ನನಗೆ ಅದು ಹೊಳೆಯಲಿಲ್ಲ. ಸೌದೆ ಹಸಿಯೆಂದುಕೊಂಡು ಊದುಗೊಳವೆ ಹಿಡಿದು ಊದಿದೆ, ಮತ್ತೂ ಊದಿದೆ. ಮನೆಯೆಲ್ಲ ಹೊಗೆ. ಇದ್ದಕ್ಕಿದ್ದಂತೆ ಉರಿ ಒಲೆಯ ಬಾಯಿಂದ ನನ್ನ ಕಡೆಗೇ ನಾಲಿಗೆ ಚಾಚಿತು.

ಅತ್ತೆ ಯಾವಾಗ ಎದ್ದು ಬಂದರೋ ತಿಳಿಯದು. ಮೊದಲು ನನ್ನ ಸೆರಗು ಎಳೆದರು, ಆಮೇಲೆ ನನ್ನನ್ನು, ಕೊನೆಗೆ ಸೌದೆಗಳನ್ನು. ಸೀರೆ ಸರಿದ ಅವರ ತೋಳಿನ ಒಳಗಡೆ ಹಳೆಯ ಸುಟ್ಟ ಕಲೆಯೊಂದನ್ನು ನಾನು ಮೊದಲ ಸಲ ಕಂಡೆ. ನಾನು ನೋಡಿದ್ದನ್ನು ಅವರೂ ನೋಡಿದರು. "ಮದ್ವೆಯಾದ ವರ್ಸ ನಾನೂ ಸೆರಗು ಇಳೀಬುಟ್ಕಂಡು ಕೂತಿದ್ದೆ ಕಣ್ ಕೂಸೆ" ಎಂದರು. ಆರು ತಿಂಗಳು ನನ್ನನ್ನು ದೂರ ಇಟ್ಟದ್ದು ತಾತ್ಸಾರದಿಂದಲ್ಲ ಎಂದು ಆಗ ಗೊತ್ತಾಯಿತು.

ಜಗಲಿಯಿಂದ ಅಪ್ಪನ ಕೆಮ್ಮು, ಹಿಂದೆಯೇ ಅವನ ದನಿ: "ಏನಕ್ಕಯ್ಯ, ಬೀಗ್ರನ್ನ ಎಗ್ಗಣ ಓಡಿಸ್ದಂಗೆ ಹೊಗೆ ಹಾಕಿ ಓಡಿಸ್ತೀರಾ?"

"ಹೊಗೆ ನಿಮ್ಮ ಮಗಳ್ದು ಕಣಣ್ಣಯ್ಯ. ನನ್ನ ಒಲೆಯ ಮೂರು ಗುಂಡ್ನೂ ನುಂಗಿ ಕೂತವ್ಳೆ."

ಅಪ್ಪ ಬಾಗಿಲಿಗೆ ಬಂದು ಒಲೆ ನೋಡಿದ. ನನ್ನನ್ನು ಕಳಿಸಿದ ದಿನದ ಆ ಮುಖವೇ ಮತ್ತೆ ಕಂಡಿತು. "ನಾನು ಕಲಿಸ್ನಿಲ್ವಲ್ಲ" ಎಂದವನು, "ಹೊಳೆಯಿಂದ ಮೂರು ಕಲ್ಲು ತರ್ಲಾ?" ಎಂದು ಕೇಳಿದ.

"ಹೊಳೆ ಕಲ್ಲು ಬ್ಯಾಡಿ, ಕಾದ್ರೆ ಸಿಡೀತವೆ. ಹಿತ್ಲಲ್ಲಿ ಹಳೇ ಹೆಂಚು ಬಿದ್ದವೆ ನೋಡಿ."

ಅಪ್ಪ ಒಂದೇ ಎತ್ತರದ ಮೂರು ಚೂರುಗಳನ್ನು ಹುಡುಕಿ, ಉಜ್ಜಿ ತಂದುಕೊಟ್ಟ. ಹಸಿ ಅಂಚಿಗೆ ನಾನೇ ಒತ್ತಿದೆ. ಅತ್ತೆ ತಮ್ಮ ಕೈಯಿಂದ ನನ್ನ ಸೆರಗನ್ನು ಸುತ್ತಿ ಸಿಕ್ಕಿಸಿ, ಊದುಗೊಳವೆ ನನಗೆ ಕೊಟ್ಟು, ಬಾಗಿಲಲ್ಲಿ ಕೂರದೆ ನೇರ ಜಗಲಿಗೆ ಹೋಗಿ ಕೂತರು. ಈ ಸಲ ಉರಿ ಮಡಕೆಯ ಸುತ್ತ ಹೂವಿನ ಹಾಗೆ ಅರಳಿತು.

ಮುದ್ದೆಯಲ್ಲಿ ಗಂಟುಗಳಿದ್ದವು. ಸುಳ್ಳು ಯಾಕೆ ಹೇಳಲಿ, ಬೇಕಾದಷ್ಟಿದ್ದವು. ಅಪ್ಪ ತಲೆ ಬಗ್ಗಿಸಿ ಒಂದು ಮುದ್ದೆ ಮುಗಿಸಿದ. ನಾನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ತಟ್ಟೆಯಿಂದ ತಲೆಯೆತ್ತದೆ, "ಇನ್ನರ್ಧ ಇಕ್ಕು ಮಗ" ಎಂದ. ಹೊರಡುವಾಗ ಅತ್ತೆಗೆ, "ಬತ್ತೀನಕ್ಕಯ್ಯ. ಇನ್ನು ನಂಗೆ ನಿದ್ದೆ ಬತ್ತದೆ" ಎಂದ.

ಇದನ್ನೆಲ್ಲ ಬೆಳಿಗ್ಗೆ ಗೌರಿಗೆ ಹೇಳಲಿಲ್ಲ. "ಹಳೇ ಹೆಂಚಿನ ಚೂರು ಮೂರು ಹುಡುಕಿ ತಾ" ಎಂದೆ, ತಂದಳು. ಅವಳ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಊದುಗೊಳವೆ ಕೈಗಿಟ್ಟು ಜಗಲಿಗೆ ಹೋಗಿ ಕೂತೆ. ಹಿತ್ತಿಲ ಕಡೆ ಏನೋ ದಡಬಡ ಸದ್ದು, ಒಂದಿಷ್ಟು ಹೊಗೆ, ಕೆಮ್ಮು. ಎರಡು ಸಲ ಏಳಹೊರಟು ಕಂಬ ಹಿಡಿದು ಕೂತೆ. ಸೊಸೆ ನನ್ನನ್ನು ನೋಡಿ ನಕ್ಕಳು. ಇನ್ನು ಮೇಲೆ ಆ ಒಲೆ ನಿಮ್ಮೆಲ್ಲರದೂ ಎಂದೆ.

ಮಧ್ಯಾಹ್ನ ಗೌರಿ ಮುದ್ದೆ ಬಡಿಸಿ ಎದುರಿಗೇ ನಿಂತಳು. ಗಂಟುಗಳಿದ್ದವು.

"ಇನ್ನರ್ಧ ಇಕ್ಕು ಮಗ" ಎಂದೆ.