ನಾನು ಅಳಿಸಿದ ಸಂಖ್ಯೆ

ಕೊಟ್ಟಾರದಲ್ಲಿ ಬಸ್ಸು ಹತ್ತಿದವರೊಬ್ಬರು ನನ್ನ ಪಕ್ಕ ಬಂದು ಕೂತರು. ಅವರ ಅಂಗಿಯಿಂದ ಕಟಿಂಗ್ ಆಯಿಲಿನ ವಾಸನೆ ಬರುತ್ತಿತ್ತು. ಕಬ್ಬಿಣ ಕೊರೆಯುವಾಗ ಬಿಸಿ ಏರದಂತೆ ಹಾಲಿನಂಥ ಎಣ್ಣೆನೀರು ಸುರಿಯುತ್ತಾರಲ್ಲ, ಅದು. ಪಾಪ, ಅವರು ಮುಂದಿನ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ನನಗೆ ಮಾತ್ರ ಸೀಟಿನಲ್ಲಿ ಕೂರಲಾಗಲಿಲ್ಲ.

ಕೂರಲಾಗದಿರುವುದು ನನ್ನ ಹಳೆಯ ರೋಗ, ಅದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ಷೌರದಂಗಡಿಯಲ್ಲಿ ನನ್ನ ಸರದಿ ಬರುವಷ್ಟರಲ್ಲಿ ನಾನು ಮೂರು ಸಲ ಹೊರಗೆ ಹೋಗಿ ಬಂದಿರುತ್ತೇನೆ. ಸಕ್ಕರೆ ಕರಗುವ ಮೊದಲೇ ಚಹಾ ಕುಡಿದು, ಸಪ್ಪೆ ಎಂದು ಹೆಂಡತಿಯನ್ನು ದೂರುತ್ತೇನೆ. ಇಂಥವನು ಬದುಕಿಗೆ ಆರಿಸಿಕೊಂಡದ್ದು ಕಂಪ್ಯೂಟರ್ ರಿಪೇರಿಯ ಕಸುಬನ್ನು. ಅದರಲ್ಲಿ ಅರ್ಧ ಕೆಲಸ ಕಾಯುವುದೇ.

ಉಮರಾಕ, ಅಂದರೆ ಉಮರ್ ಕಾಕ, ನನ್ನ ಅಂಗಡಿಗೆ ಬಂದದ್ದು ಐದು ವರ್ಷದ ಹಿಂದೆ. ಕೊಲ್ಲಿ ದೇಶಗಳ ಹಡಗುಕಟ್ಟೆಗಳಲ್ಲಿ ಬಹಳ ಕಾಲ ಲೇತ್ ಯಂತ್ರ ನಡೆಸಿ, ಊರಿಗೆ ಮರಳಿ, ಪಣಂಬೂರಿನ ಹತ್ತಿರ ಒಂದು ಶೆಡ್ ಹಾಕಿಕೊಂಡಿದ್ದರು. ಮೀನುಗಾರಿಕೆಯ ಬೋಟುಗಳ ಬಿಡಿಭಾಗ ಮಾಡಿಕೊಡುವುದು ಅವರ ಕೆಲಸ. ಕಬ್ಬಿಣದ ಮೇಲೆ ಬೆರಳಾಡಿಸಿ ಕೂದಲೆಳೆಯಷ್ಟು ಉಬ್ಬು ಎಲ್ಲಿದೆ ಎಂದು ಹೇಳಬಲ್ಲವರು ಎಂದು ಬೋಟಿನವರು ಅವರನ್ನು ಹೊಗಳುತ್ತಿದ್ದರು. ಮುಚ್ಚಿಹೋದ ಕಾರ್ಖಾನೆಯೊಂದರಿಂದ ಅವರು ಕಂಪ್ಯೂಟರಿನಿಂದ ನಡೆಯುವ, ಕಬ್ಬಿಣ ಕೊರೆಯುವ ಹಳೆಯ ಮಿಲ್ಲಿಂಗ್ ಯಂತ್ರವನ್ನು ತಂದಿದ್ದರು. ಮೈ ಗಟ್ಟಿಯಾಗಿತ್ತು, ತಲೆ ಸತ್ತಿತ್ತು. ಆ ತಲೆ, ಅಂದರೆ ಕಂಟ್ರೋಲರ್, ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿಬಿಟ್ಟಿದ್ದರು. ಸಾಮಾನ್ಯ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿ ಇಂಥ ಯಂತ್ರ ನಡೆಸಬಹುದಂತೆ, ಹೌದಾ ಎಂದು ಕೇಳಲು ಬಂದಿದ್ದರು. ನಾನು ಅದನ್ನು ಓದಿದ್ದೆನೇ ಹೊರತು ಮಾಡಿರಲಿಲ್ಲ. ಆದರೂ ನನ್ನ ಬಾಯಿ ನನಗಿಂತ ಮುಂದೆ ಓಡಿ, ಒಂದು ವಾರದಲ್ಲಿ ಮಾಡಿಕೊಡುತ್ತೇನೆ ಎಂದಿತು.

ಲಿನಕ್ಸ್ ಹಾಕುವುದು ಕಷ್ಟವಾಗಲಿಲ್ಲ. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟಿದ್ದ ಕಂಪ್ಯೂಟರ್ ಡಬ್ಬವೊಂದನ್ನು ಒರೆಸಿ, ಪೆನ್‌ಡ್ರೈವಿನಿಂದ ಅದನ್ನು ಹಾಕಿದೆ. ಕೇಬಲ್ ಎಳೆದು ಮೋಟರುಗಳಿಗೆ ಜೋಡಿಸಿದೆ. ಏಳನೇ ದಿನ ಕೀಬೋರ್ಡಿನ ಬಾಣದ ಗುಂಡಿ ಒತ್ತಿದಾಗ ಯಂತ್ರದ ಮೇಜು ಸಣ್ಣಗೆ ಗುಂಯ್ಗುಟ್ಟುತ್ತ ಒಂದು ಮಿಲಿಮೀಟರ್ ಸರಿಯಿತು. ಉಮರಾಕ ಮೇಜಿನ ಮೇಲೆ ಅಂಗೈ ಇಟ್ಟು, ಇನ್ನೊಮ್ಮೆ ಒತ್ತಲು ಹೇಳಿದರು. ಮತ್ತೆ ಸರಿಯಿತು. ಅವರು ಕೈ ತೆಗೆಯಲೇ ಇಲ್ಲ. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವವರ ಹಾಗೆ ನಿಂತಿದ್ದರು.

ಉಳಿದದ್ದು ಒಂದು ಪರೀಕ್ಷೆ. ಅದನ್ನು ಸ್ವಲ್ಪ ವಿವರಿಸಬೇಕು, ಬೇಸರಿಸಬೇಡಿ. ಕಂಪ್ಯೂಟರು ಕಳಿಸುವ ಒಂದೊಂದು ಮಿಡಿತಕ್ಕೆ ಮೋಟರು ಒಂದೊಂದು ಸಣ್ಣ ಹೆಜ್ಜೆ ಇಡುತ್ತದೆ. ಮಿಡಿತ ತಡವಾದರೆ ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಪರದೆಗೆ ಗೊತ್ತಾಗುವುದಿಲ್ಲ. ಪರದೆಯ ಲೆಕ್ಕದಲ್ಲಿ ಕೊರೆಯುವ ಕಟರ್ ಮೇಲೆದ್ದಿರುತ್ತದೆ, ನಿಜದಲ್ಲಿ ಕೆಳಗೇ ಉಳಿದಿರುತ್ತದೆ. ಆದ್ದರಿಂದ ಈ ಕಂಪ್ಯೂಟರು ಅತಿ ಹೆಚ್ಚೆಂದರೆ ಎಷ್ಟು ತಡಮಾಡುತ್ತದೆ ಎಂದು ಮೊದಲೇ ಅಳೆಯಬೇಕು. ಅಳೆಯುವ ಪ್ರೋಗ್ರಾಂ ಅದರಲ್ಲೇ ಇದೆ. ಗಂಟೆಗಟ್ಟಲೆ ಅದನ್ನು ಓಡಲು ಬಿಡಬೇಕು. ಸರಾಸರಿಗೆ ಅಲ್ಲಿ ಬೆಲೆಯಿಲ್ಲ. ಅತಿ ಕೆಟ್ಟ ಒಂದು ಕ್ಷಣ ಯಾವುದೋ, ಅದೇ ಲೆಕ್ಕ.

ನಾನು ಹದಿನೈದು ನಿಮಿಷ ಬಿಟ್ಟೆ. ಒಂಬತ್ತು ಸಾವಿರ ನ್ಯಾನೋಸೆಕೆಂಡಿನಲ್ಲಿ ನಿಂತಿದ್ದ ತಡದ ಸಂಖ್ಯೆ ಇದ್ದಕ್ಕಿದ್ದಂತೆ ಎರಡು ಲಕ್ಷ ಹತ್ತು ಸಾವಿರಕ್ಕೆ ಹಾರಿತು. ಒಂದೇ ಒಂದು ಸಲ. ಅದಕ್ಕೆ ಕಾರಣ ಹುಡುಕಬೇಕೆಂದರೆ ಇನ್ನೂ ಎರಡು ದಿನ ಹಿಡಿಯುತ್ತಿತ್ತು. ನಾನು ಹೇಳಿದ ವಾರ ಅಂದಿಗೆ ಮುಗಿಯುತ್ತಿತ್ತು. ಕಾಲು ಕುಣಿಯುತ್ತಿತ್ತು. ಪರದೆಯಲ್ಲಿ ‘ರೀಸೆಟ್’ ಎಂಬ ಗುಂಡಿ ಇತ್ತು, ಒತ್ತಿದೆ. ಸಂಖ್ಯೆ ಅಳಿಸಿಹೋಗಿ ಹೊಸದಾಗಿ ಎಣಿಕೆ ಶುರುವಾಯಿತು. ಆಗ ಉಮರಾಕರನ್ನು ಕರೆದು, ನೋಡಿ, ಒಂಬತ್ತು ಸಾವಿರ, ಬಹಳ ಒಳ್ಳೆಯದು ಎಂದು ತೋರಿಸಿದೆ. ಅವರು ತಲೆಯಾಡಿಸಿದರು. ನನ್ನ ಮಾತು ನಂಬದಿರಲು ಅವರಿಗೆ ಕಾರಣವಿರಲಿಲ್ಲ.

ಮರುದಿನ ಮೊದಲ ಕೆಲಸ. ಒಂದು ದಪ್ಪ ಕಬ್ಬಿಣದ ಬಿಲ್ಲೆ. ಅದನ್ನು ಎರಡು ಕ್ಲಾಂಪುಗಳಿಂದ ಮೇಜಿಗೆ ಬಿಗಿದಿದ್ದರು. ಮೂರು ತೂತು ಸರಿಯಾಗಿ ಬಿದ್ದವು. ನಾಲ್ಕನೆಯದು ಮುಗಿದಾಗ ಕಟರ್ ಮೇಲೇರಿತೆಂದು ಪರದೆ ತೋರಿಸಿತು. ಪೂರ್ತಿ ಏರಿರಲಿಲ್ಲ. ಮೇಜು ವೇಗವಾಗಿ ಸರಿದು, ಕಟರ್ ಹೋಗಿ ಕ್ಲಾಂಪಿಗೆ ಬಡಿದು, ಮುರಿದು ಸಿಡಿಯಿತು. ಎಣ್ಣೆಯ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಉಮರಾಕರ ಕೈಗೆ ಒಂದು ಚೂರು ಬಡಿಯಿತು. ಅವರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು ತಮ್ಮ ಬಲಗೈಯನ್ನು ನೋಡಿಕೊಂಡರು.

ಅಂಗೈಯ ಹಿಂಬದಿಯ ನರ ಕಡಿದಿತ್ತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಗಾಯ ಮಾಯಿತು, ಆದರೆ ಕಿರುಬೆರಳೂ ಅದರ ಪಕ್ಕದ್ದೂ ಮತ್ತೆ ಪೂರ್ತಿ ನೆಟ್ಟಗಾಗಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ನಾನೊಬ್ಬನೇ ಶೆಡ್ಡಿಗೆ ಹೋಗಿ, ವಿದ್ಯುತ್ ಉಳಿಸಲೆಂದು ಕಂಪ್ಯೂಟರು ಆಗಾಗ ತೂಕಡಿಸುವ ವ್ಯವಸ್ಥೆಯನ್ನೆಲ್ಲ ಆರಿಸಿ, ಹಳೆಯ ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಇಡೀ ಎರಡು ದಿನ ಪರೀಕ್ಷೆ ಓಡಿಸಿದೆ. ಸಂಖ್ಯೆ ಒಮ್ಮೆಯೂ ಹಾರಲಿಲ್ಲ. ಸರಿಮಾಡಿದ್ದೇನೆ ಎಂದಷ್ಟೇ ಅವರಿಗೆ ತಿಳಿಸಿದೆ. ಏನು ಸರಿಮಾಡಿದ್ದು ಎಂದು ಅವರು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಎಷ್ಟು ಅನುಕೂಲವಾಯಿತೆಂದರೆ, ಮತ್ತೆ ಆ ಕಡೆ ತಲೆಹಾಕಲಿಲ್ಲ. ಯಂತ್ರವನ್ನು ಅವರ ತಮ್ಮ ನೋಡಿಕೊಳ್ಳುತ್ತಾನೆ, ಉಮರಾಕ ಮನೆಯಲ್ಲೇ ಇರುತ್ತಾರೆ ಎಂದು ಯಾರೋ ಹೇಳಿದರು. ಬೆರಳಿನಿಂದಾಗಿ ಎಂದುಕೊಂಡೆ.

ಬಸ್ಸಿನಲ್ಲಿ ಆ ವಾಸನೆಯ ಪಕ್ಕ ಕೂತು ಇಷ್ಟೂ ನೆನಪಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಉಮರಾಕರ ಮನೆಯಿರುವ ಬಜಪೆಯ ಬಸ್ಸು ಹಿಡಿದೆ.

ಉಮರಾಕ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಖುಷಿಯಿಂದಲೇ ಎದ್ದು, ಒಳಗೆ ಚಹಾಕ್ಕೆ ಹೇಳಿದರು. ಚಹಾ ಬರುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಸಂಖ್ಯೆ ಹಾರಿದ್ದು, ಗುಂಡಿ ಒತ್ತಿದ್ದು, ಆಮೇಲೆ ಅವರನ್ನು ಕರೆದದ್ದು. ನೆಲ ನೋಡಿಕೊಂಡೇ ಹೇಳಿದೆ.

ಮನೆಯ ಮೇಲಿಂದ ಒಂದು ವಿಮಾನ ಹತ್ತಿರದ ನಿಲ್ದಾಣಕ್ಕೆ ಇಳಿದುಹೋಯಿತು.

“ಎಷ್ಟಿತ್ತು ಆ ನಂಬರ್?” ಎಂದು ಅವರು ಕೇಳಿದರು.

ಹೇಳಿದೆ.

“ಹಾಗಾದ್ರೆ ಆ ಸ್ಕ್ರೂ ನಾನು ಸರಿಯಾಗೇ ಬಿಗಿ ಮಾಡಿದ್ದೆ.”

ನನಗೆ ಅರ್ಥವಾಗಲಿಲ್ಲ. ಅವರು ಪೇಪರನ್ನು ನಿಧಾನವಾಗಿ ಮಡಚಿದರು.

“ಕಟರ್ ಎತ್ತುವ ಮೇಲಿನ ಮೋಟರಿನ ಕಪ್ಲಿಂಗಿಗೆ ಒಂದು ಸಣ್ಣ ಸ್ಕ್ರೂ ಉಂಟಲ್ಲ ಶೆಟ್ರೆ, ಅದನ್ನು ಬಿಗಿ ಮಾಡುವ ಕೆಲಸ ನನ್ನದು. ನಾನೇ ಸಡಿಲ ಬಿಟ್ಟದ್ದು, ಅದಕ್ಕೇ ಹೀಗಾದದ್ದು ಅಂತ ತಿಳ್ಕೊಂಡಿದ್ದೆ. ನೀವು ಸುಮ್ಮನೆ ಅದನ್ನು ಸರಿ ಮಾಡಿ, ಯಾರಿಗೂ ಹೇಳದೆ ನನ್ನ ಮರ್ಯಾದೆ ಉಳಿಸಿದ್ರಿ ಅಂತ. ಇಷ್ಟು ವರ್ಷದ ಕೈ ಕೆಟ್ಟಿತು, ಇನ್ನು ಯಂತ್ರ ಮುಟ್ಟಬಾರದು ಅಂತ ಬಿಟ್ಟುಬಿಟ್ಟೆ. ಬೆರಳಿಗೆ ಎಂತ, ಮೂರು ಉಂಟಲ್ಲ.”

ಚಹಾ ಬಂತು. ನಾವಿಬ್ಬರೂ ಮುಟ್ಟಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಅವರು ಕೈ ಎತ್ತಿ ತಡೆದು, ಇವತ್ತು ಹೋಗಿ ಎಂದರು. ಸಿಟ್ಟಿನ ದನಿಯಲ್ಲ. ಒಬ್ಬರೇ ಕೂತು ಯೋಚಿಸಬೇಕಾದವರ ದನಿ.

ಇದಾಗಿ ಒಂದು ತಿಂಗಳು. ಮೊನ್ನೆ ಅವರ ತಮ್ಮ ಅಂಗಡಿಗೆ ಬಂದಿದ್ದ. ಅಣ್ಣ ಈಗ ದಿನಾ ಬೆಳಿಗ್ಗೆ ಬಜಪೆಯಿಂದ ಶೆಡ್ಡಿಗೆ ಬರುತ್ತಾರೆ, ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿಯುತ್ತಿದ್ದಾರೆ ಎಂದ. ನನಗೇನಾದರೂ ಹೇಳಿಕಳಿಸಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದ. ಅವನು ಹೋದ ಮೇಲೆ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು, ಏಳಲು ಮನಸ್ಸಾಗಲಿಲ್ಲ.