ಒಂದು ಸಾಲಿನ ಹಾಲೇಶ್

ನಾನು ಚಿತ್ರ ಬಿಡಿಸುವ ಸೂಪರ್‌ಹೀರೋ ಕಾಮಿಕ್ಸ್‌ಗೆ ಕಥೆ ಬರೆಯುವ ಹಾಲೇಶ್‌ಗೆ ಜನಜಂಗುಳಿ ಎಂದರೆ ಪ್ರಾಣ. ಪೀಣ್ಯದ ತನ್ನ ಕೋಣೆಯಲ್ಲಿ ಕೂತು, ‘ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ತುಂಬ ಸಾವಿರ ಗಾಡಿ, ಮೇಲೆ ನಮ್ಮ ಹೀರೋ’ ಎಂದು ಒಂದು ಸಾಲು ಗೀಚಿ ಟೀ ಕುಡಿಯಲು ಹೋಗುತ್ತಾನೆ. ಆ ಸಾವಿರ ಗಾಡಿಗೂ ಚಕ್ರ ಬರೆಯುವವಳು ನಾನು. ಒಂದಷ್ಟನ್ನು ಹೊಗೆಯಲ್ಲಿ ಮುಚ್ಚಿಬಿಟ್ಟರೆ, ‘ಮೇಡಂ, ಬಸ್ಸಲ್ಲಿ ನಿಂತಿರೋರು ಕಾಣಿಸ್ತಾನೇ ಇಲ್ವಲ್ಲ?’ ಎಂದು ಫೋನು. ಬೈದರೆ, ‘ನಾನು ಬರೆದಿದ್ದು ಒಂದೇ ಸಾಲು ಕಣ್ರೀ!’ ಎಂದು ನಗುತ್ತಾನೆ. ಕಳೆದ ತಿಂಗಳು ನನ್ನ ಬಲಗೈ ಮಣಿಕಟ್ಟು ಊದಿಕೊಂಡು ಪೆನ್ನು ಹಿಡಿಯುವುದೇ ಕಷ್ಟವಾದಾಗ, ಅವನಿಗೆ ಫೋನಿನಲ್ಲಿ ತಿಳಿಸಿ, ಆ ತಿಂಗಳ ಸಂಚಿಕೆ ನಿಂತೇಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವನ ಹೊಸ ಕಥೆ ಬಂತು: ‘ಊರಿಗೆಲ್ಲ ಕರೆಂಟ್ ಹೋಗಿದೆ. ಕೊನೇ ಪುಟದವರೆಗೂ ಬರೀ ಕಪ್ಪು. ಹೀರೋನ ಎರಡು ಕಣ್ಣು ಬರೆದರೆ ಸಾಕು.’